ನೂರಿ ತಿರುಗಿ ನಿಂತಳು

ನಗಬ್ಯಾಡ್ರಿ. ನಕ್ಕರ ನಾ ಹೇಳಂಗಿಲ್ಲ. ಇದು ನಮ್ಮ ಬಾಜೂ ಮನಿ ಮಕ್ಸೂದಗ ಆಗಿದ್ದು, ಕಟ್ಟಿದ ಕತಿ ಅಲ್ಲ.

ಮಕ್ಸೂದಂದು ಪಿಕಪ್ ಗಾಡಿ. ನಮ್ಮೂರು ಶರಣಸಿರಸಗ್ಯಾಗ ನಮ್ಮ ಓಣಿ ಸಣ್ಣದು, ಗಾಡಿ ಒಳಗ ಬರಂಗಿಲ್ಲ. ಅವತ್ತ ರಾತ್ರಿ ಆಲದ ಮರದ ಕೆಳಗ ಗಾಡಿ ನಿಲ್ಲಿಸಿ, ಬಾವಿ ದಾಟಿ ಮನಿ ಕಡೆ ನಡದಿದ್ದ. ಹಿಂದಿನಿಂದ ಸಪ್ಪಳ... ಟಕ್. ಟಕ್ ಟಕ್. ತಗಡಿನ ಮ್ಯಾಲೆ ಕುದುರಿ ಲಾಳ ಬಡದಂಗ. ಆಮ್ಯಾಲೆ ಹಗ್ಗ ಜಗ್ಗಿದ ಕಿರ್ರ್... ಗಾಡಿ ಖಾಲಿ ಇತ್ತು.

ಅವಗ ಗೊತ್ತಾತು. ನೂರಿ.

ನೂರಿ ಅಂದ್ರ ಕರೀಂಸಾಬರ ಬಿಳಿ ಕುದುರಿ, ಮದುಮಗ ಏರೋ ಕುದುರಿ. ಅದರ ಹಿಂದಿನ ತಿಂಗಳು ಕಮಲಾಪುರದ ಮದುವಿಗೆ ಇದೇ ಗಾಡ್ಯಾಗ ಹೊಂಟಿತ್ತು. ಕರೀಂಸಾಬರು ಮುದುಕರು, ಜೊತಿಗೆ ಹೋಗಲಿಲ್ಲ. "ಹಗ್ಗ ಸಡ್ಲ ಬಿಡು ಬೇಟಾ. ತಾನೇ ತಿರುಗಿ ಹಿಂದಕ ಮುಖ ಮಾಡಿ ನಿಂದರ್ತದ. ಬ್ರೇಕ್ ಹಾಕಿದ್ರ ಹಿಂಗಾಲಿನ ಮ್ಯಾಲೆ ಭಾರ ಹಾಕಿ ತಡ್ಕೋತದ," ಅಂದಿದ್ರು. ಅವರು ಮನಿಗೆ ಹೋದ ಮ್ಯಾಲೆ, ಕುದುರಿ ಒಯ್ಯಾಕ ಬಂದಿದ್ದ ಮದುಮಗನ ಸೋದರಮಾವ ಅಡ್ಡ ಬಂದ. "ಮದುವಿ ಮನಿಗೆ ಕುದುರಿ ಕುಂಡಿ ಮುಂದ ಮಾಡ್ಕೊಂಡು ಬರ್ತದೇನು? ಅಪಶಕುನ! ಮುಖ ಮುಂದ ಮಾಡ್ರಿ." ಮಕ್ಸೂದ ಹೂಂ ಅಂದು ಹಗ್ಗ ಗಿಡ್ಡ ಮಾಡಿ ಬಿಗದ. ಹಾದಿ ತುಂಬ ನೂರಿ ತಿರಗಾಕ ಒದ್ದಾಡಿತು. ಕಮಲಾಪುರದ ಹತ್ರ ಬಾಳಿಹಣ್ಣಿನ ಬಂಡಿ ಅಡ್ಡ ಬಂತು... ಬ್ರೇಕ್... ಧಡ್! ತಲಿ ಕ್ಯಾಬಿನಿಗೆ ಬಡದು ಕುತ್ತಿಗಿ ಮುರೀತು.

ಆಮ್ಯಾಲಾದ್ರೂ ಖರೇ ಹೇಳಬೇಕಿಲ್ಲೇನು ಇಂವ? "ನೀವು ಹೇಳಿದಂಗ ಸಡ್ಲ ಬಿಟ್ಟಿದ್ದೆ ಚಾಚಾ," ಅಂದುಬಿಟ್ಟ! ತನ್ನ ಮಾತೇ ಕುದುರಿನ್ನ ಕೊಂತು ಅಂತ ಮುದುಕರು ಊಟ ಬಿಟ್ರು. ಮಕ್ಸೂದ ಒಳಗೊಳಗ ಸಾಯ್ತಿದ್ದ, ಬಾಯಿ ಮಾತ್ರ ಬರ್ತಿರಲಿಲ್ಲ. ಸತ್ತ ಕುದುರಿ ಇಳಿಸುವಾಗ ಕೊಯ್ದ ಹಗ್ಗ ಗಾಡಿ ಕಂಬಿಗೇ ಇತ್ತು, ಅದರ ಗಂಟು ಬಿಚ್ಚಾಕೂ ಕೈ ಬಂದಿರಲಿಲ್ಲ.

ಅವತ್ತ ಆ ಸಪ್ಪಳ ಕೇಳಿ ಮನಿಗೆ ಹೋಗಲಿಲ್ಲ. ಸೀದಾ ಕರೀಂಸಾಬರ ಬಾಗಿಲಿಗೆ ಹೋದ.

"ಚಾಚಾ... ನಾ ಸುಳ್ಳ ಹೇಳೀನಿ. ಮುಖ ಮುಂದ ಮಾಡಿ ಬಿಗದಿದ್ದೆ. ತಪ್ಪು ನಂದು."

ಮುದುಕರು ಚಿಲಕ ತಗದು ಹೊರಗ ಬಂದ್ರು.

"ಹಗ್ಗ ಬಿಚ್ಚೀದೇನು?"

"...ಇಲ್ಲ."

"ನಡಿ."

ಇಬ್ಬರೂ ಬಂದ್ರು. ಖಾಲಿ ಗಾಡ್ಯಾಗ ಹಗ್ಗ ತಂತಿಯಂಗ ಬಿಗದು ನಿಂತಿತ್ತು. ಮಕ್ಸೂದ ಅಳಕೋತ ಗಂಟು ಬಿಚ್ಚಿದ. ಟಕ್... ಟಕ್ ಟಕ್... ಗಾಡಿ ಒಂದು ಕಡಿಗೆ ವಾಲಿ ಸಮ ಆತು. ಫುರ್ರ್ ಅಂತ ಒಂದು ಉಸಿರು. ಆಮ್ಯಾಲೆ ಏನೂ ಇಲ್ಲ.

ಮುಂಜಾನಿ ನಾನೇ ಹೋಗಿ ನೋಡೀನಿ. ಕ್ಯಾಬಿನ್ ಹಿಂದಿನ ಕಂಬಿ, ನೂರಿ ತಲಿ ಕಟ್ಟಿದ್ದ ಕಂಬಿ... ಅದಕ್ಕ ಬಾಲದ ಕೂದಲ ಸಿಕ್ಕೊಂಡಿದ್ವು. ಉದ್ದಾನ, ಬಿಳಿವು. ಖರೇ ಅದ ರೀ, ನನ್ನ ಕೈಲೇ ಬಿಡಿಸೀನಿ.