ಹೊಂಗೆ ಮರಕ್ಕೆ ಹೋದ ಜೋಲಿ

ಅಲ್ಲ ಕಣೋ, ಟೋಪಿ ಹಾಕ್ಕೊಂಡೋರೆಲ್ಲ ಇಂಜಿನಿಯರ್ ಅಲ್ಲ. ನಾನ್ ಹೇಳ್ತಿರೋ ಈ ಟೋಪಿಯೋನು ಸೇಫ್ಟಿಯೋನು, ಕೆಲ್ಸದೋರಿಗೆ ಏಟಾಗ್ದಂಗೆ ನೋಡ್ಕೊಳ್ಳಕ್ಕೆ ಅಂತ್ಲೇ ಇಟ್ಟಿರೋನು. ಅದು ನಂಗೆ ಗೊತ್ತಾಗಿದ್ದು ಆಮೇಲೆ ಬಿಡು. ಮಾಲೂರತ್ರ ಫ್ಯಾಕ್ಟ್ರಿ ಕಟ್ತಾ ಇದ್ರು, ನಾನು ಗಾರೆ ಕೆಲ್ಸಕ್ಕೆ ಹೊಸಬಳು, ನಿಮ್ಮಪ್ಪ ಇನ್ನೂ ಎದೆಹಾಲು ಕುಡಿಯೋ ಕೂಸು. ಮೇಲೆ ನಿಂತು ಕೆಲ್ಸ ಮಾಡಕ್ಕೆ ಗೋಡೆಗೆ ಸಾರ್ವೆ ಕಟ್ಟಿರ್ತಾರಲ್ಲ, ಅದರ ಕೆಳಗೆ, ಕಂಬಕ್ಕೆ, ಹಳೇ ಸೀರೇಲಿ ಜೋಲಿ ಕಟ್ಟಿ ಮಲಗಿಸ್ತಿದ್ದೆ. ನೆರಳೂ ಇತ್ತು, ಬಾಂಡ್ಲಿ ಹೊತ್ಕೊಂಡು ಓಡಾಡ್ತಾ ಮಗೂನ ನೋಡ್ಕೋಬೋದಿತ್ತು.

ಇವ್ನು ಬರೋನು, ಜೋಲಿ ನೋಡೋನು, ತಲೆ ಎತ್ತಿ ಮೇಲ್ ನೋಡೋನು, ಮತ್ತೆ ಜೋಲಿ ನೋಡೋನು. ಒಂದ್ ಇಟ್ಟಿಗೆ ಎತ್ತಲ್ಲ, ಒಂದ್ ಮೊಳೆ ಹೊಡೆಯಲ್ಲ, ಬರೀ ನೋಡೋ ಕೆಲ್ಸ! ಜೊತೇಲಿ ಕೆಲ್ಸ ಮಾಡ್ತಿದ್ದ ಮುನಿಯಮ್ಮ ಮುಳಬಾಗಿಲು ಕಡೆಯೋಳು, ಕಿವೀಲಿ ತೆಲುಗಲ್ಲಿ, "ವಾಡು ಮೇಸ್ತ್ರಿ ಮನಿಷೇ ಅಕ್ಕಾ" ಅಂದ್ಳು. ಮೇಸ್ತ್ರಿ ಕಡೆಯೋನೇ ಅಂತ. ಕೂಸಿರೋಳನ್ನ ಕೆಲ್ಸದಿಂದ ಓಡ್ಸಕ್ಕೆ ನೆವ ಹುಡುಕ್ತಾವ್ನೆ ಅಂತ ನಾನೂ ನಂಬ್ಬಿಟ್ಟೆ. ಒಂದಿನ ಬಂದು, "ಜೋಲಿ ಬಿಚ್ಚಮ್ಮ. ಆ ಹೊಂಗೆ ಮರಕ್ಕೆ ಕಟ್ಟು, ಟೀ ಕಾಯ್ಸೋ ಅಜ್ಜಿ ನೋಡ್ಕೋತಾಳೆ" ಅಂದ. "ಯಾಕಯ್ಯ? ನಿನ್ ತಲೆ ಮೇಲೆ ಕಟ್ಟಿದ್ದೀನಾ?" ಅಂದೆ. ಅವ್ನು ಜೋಲಿ ಬಿಚ್ಚೋ ತನಕ ಅಂತ ಮೇಲಿನ ಕೆಲ್ಸಾನೇ ನಿಲ್ಲಿಸ್ಬಿಟ್ಟ. ಮೇಸ್ತ್ರಿ ಬಂದು ನನ್ ಮೇಲೆ ಕೂಗಾಡ್ದ. ಶಾಪ ಹಾಕ್ಕೊಂಡೇ ಬಿಚ್ದೆ.

ಏನಾದ್ರೂ ಬಿತ್ತಾ? ಒಂದ್ ಕಡ್ಡೀನೂ ಬೀಳ್ಲಿಲ್ಲ! ಹಾಲು ಕೊಡಕ್ಕೆ ಮರದ ತನಕ ಓಡೋವಾಗೆಲ್ಲ ಅವನ್ನ ಬೈತಿದ್ದೆ. ಆಮೇಲೆ, ಪದೇ ಪದೇ ಕೆಲ್ಸ ನಿಲ್ಲಿಸ್ತಾನೆ ಅಂತ ಅವನ್ನೇ ತೆಗೆದಾಕಿದ್ರು. ಆವಾಗ ಗೊತ್ತಾಯ್ತು, ಅವ್ನು ಮೇಸ್ತ್ರಿ ಕಡೆಯೋನಲ್ಲ ಅಂತ. ಅವನ ಜಾಗಕ್ಕೆ ಬಂದ ಹೊಸಬ ಬೆಣ್ಣೆ ಮಾತಿನೋನು. "ಸಾರ್ವೆ ಕೆಳಗೇ ಜೋಲಿ ಕಟ್ಲಾ ಸಾರ್?" ಅಂದೆ. "ಕಟ್ಕೊಳಕ್ಕ, ಏನಾಗಲ್ಲ" ಅಂದ. ತಲೆ ಎತ್ತಿ ಮೇಲೆ ನೋಡ್ಲೇ ಇಲ್ಲ ಕಣ್ರೋ! ಅದೇ ನಂಗೆ ಚುಚ್ತು. ಜೋಲಿ ಮರದಲ್ಲೇ ಬಿಟ್ಟೆ, ಬುತ್ತಿ ಡಬ್ಬ ಮಾತ್ರ ಸಾರ್ವೆ ಕೆಳಗಿಟ್ಟೆ. ಬಂದು ಬಿತ್ತು ನೋಡು ಮೇಲಿಂದ ಕಬ್ಬಿಣದ ಪೈಪು, ಡಬ್ಬ ಚಪ್ಪಟೆ, ಮುದ್ದೆ ಮಣ್ಣುಪಾಲು. ನಾನು ಡಬ್ಬ ಎತ್ಕೊಂಡು ನೋಡ್ತಾ ಇದ್ರೆ, ಆ ಹೊಸಬ ನಗ್ತಾ, "ಡಬ್ಬ ತಾನೆ, ಬಿಡಕ್ಕ" ಅಂದ.

ಅದಕ್ಕೇ ಹೇಳೋದು. ಬೇಡ ಅನ್ನೋನ್ನ ಬೇಕಾದ್ರೆ ಬೈಕೊಳ್ಳಿ, ಪರವಾಗಿಲ್ಲ. ಮೇಲೆ ನೋಡ್ದೇನೇ "ಏನಾಗಲ್ಲ" ಅನ್ನೋನ್ನ ನಂಬಿ ಮಾತ್ರ ಮಕ್ಕಳನ್ನ ಮಲಗಿಸ್ಬೇಡಿ. ಏಳ್ರೋ, ಊಟಕ್ಕೆ.