ಪಟ್ಟಿಯ ಬಾಯಿ

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಯಾರೋ ಅಕ್ಕ, ತಮ್ಮ ಕೂತಿದ್ದರು. ಡ್ರಾಪ್ಸ್ ಹಾಕಿಸಿಕೊಂಡ ಅಕ್ಕ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದಳು.

“ಮ್ಯಾನೇಜರ್ ತಾನು ತಡಮಾಡಿದ ಕೆಲಸಗಳ ತಾರೀಖನ್ನೆಲ್ಲ ಆಫೀಸಿನ ಕಂಪ್ಯೂಟರ್ ಪಟ್ಟಿಯಲ್ಲಿ ಒಂದೇ ಸಲಕ್ಕೆ ಬದಲಾಯಿಸೋಕೆ ಒಂದು ಸ್ಕ್ರಿಪ್ಟ್, ಅಂದ್ರೆ ಚಿಕ್ಕ ಪ್ರೋಗ್ರಾಂ, ಕೇಳಿದ. ಬರೆದುಕೊಟ್ಟೆ.”

“ಆ ತಡಕ್ಕೆ ತಾನೇ ಎಲ್ಲರೆದುರು ನಿನಗೆ ಉಗಿದದ್ದು? ಮಾನ ಮರ್ಯಾದೆ ಇಲ್ವಾ ನಿನಗೆ?”

“ಪೂರ್ತಿ ಕೇಳೋ. ಪಟ್ಟಿಯಲ್ಲಿ ಏನು ಬದಲಾದರೂ ದೊಡ್ಡ ಸಾಹೇಬರಿಗೆ ತಾನಾಗೇ ಮೇಲ್ ಹೋಗುತ್ತೆ. ಹಳೇ ತಾರೀಖು, ಹೊಸ ತಾರೀಖು, ಬದಲಾಯಿಸಿದವರ ಹೆಸರು, ಎಲ್ಲ ಇರುತ್ತೆ. ಸಾಮಾನ್ಯವಾಗಿ ಸ್ಕ್ರಿಪ್ಟ್ ಓಡೋವಾಗ ಆ ಮೇಲ್ ಆಫ್ ಮಾಡಿ, ಮುಗಿದ ಮೇಲೆ ಆನ್ ಮಾಡೋ ಸಾಲು ಹಾಕ್ತೀವಿ.”

“ಹಾಕಲಿಲ್ವಾ?”

“ಅವನು ಹೇಳಲಿಲ್ಲ, ನಾನು ಹಾಕಲಿಲ್ಲ.”

“ನಿನ್ನ ಹೆಸರೇ ಹೋಗಲ್ವಾ?”

“ತನ್ನ ಲಾಗಿನ್‌ನಿಂದ ಅವನೇ ಓಡಿಸ್ತಾ ಇದ್ದಾನೆ, ಈಗ.”

ಬ್ಯಾಗಿನಲ್ಲಿ ಫೋನ್ ಬಡಿದುಕೊಂಡಿತು. ತಮ್ಮ ತೆಗೆದು ನೋಡಿದ. “ಅವನೇ ಕಣಕ್ಕಾ.”

“ಎತ್ತು. ಅಕ್ಕನ ಕಣ್ಣಿಗೆ ಔಷಧ ಹಾಕಿದ್ದಾರೆ, ಸಂಜೆವರೆಗೂ ಕಂಪ್ಯೂಟರ್ ನೋಡೋ ಹಾಗಿಲ್ಲ ಅನ್ನು.”

ನರ್ಸ್ ಒಳಗೆ ಕರೆದಳು. ಅಕ್ಕ ತಮ್ಮನ ತೋಳು ಹಿಡಿದು ಎದ್ದಳು.

“ಮೇಲ್ ನಿಲ್ಲಿಸೋದು ಹೇಗೆ ಅಂತ ಕೇಳಿದರೆ, ನನಗೆ ಉಗಿದ ಹಾಗೆ ಎಲ್ಲರೆದುರು ಆ ಮೇಲ್‌ಗೂ ಉಗಿಯೋಕೆ ಹೇಳು.”