ಸೋಮವಾರದ ನೀರು

…ಆ ಕುರ್ಚಿ ಬೇಡ ಅತ್ತಿಗೆ, ಅದರ ಒಂದು ಕಾಲು ಗಿಡ್ಡ. ಅಣ್ಣ ಈ ಲ್ಯಾಬಿಗೆ ಬಂದಾಗೆಲ್ಲ ಬೇಕಂತಲೇ ಅದರಲ್ಲಿ ಕೂತು, "ಸರ್ಕಾರಿ ಕುರ್ಚಿ ಕಣೇ, ಕೂತವರನ್ನ ತೂಗಿ ನೋಡುತ್ತೆ" ಅಂತಿದ್ದ. ಈಚೆ ಬನ್ನಿ, ಈ ಸ್ಟೂಲಿಗೆ. ಕಿಟಕಿ ಮುಚ್ಚೇ ಇರಲಿ. ಸತ್ತ ಮೀನಿನ ನಾತ ಒಳಗೆ ಬಂದರೆ ಮೂರು ದಿನ ಹೋಗೋದಿಲ್ಲ.

ಹೌದು, ಪಾಚಿ ತುಂಬಿ ಸಮುದ್ರ ಕೆಂಪಗಿದೆ. ಈಗ ಕೆಂಪಗಿದೆ, ಕುರುಡರಿಗೂ ಕಾಣೋ ಹಾಗೆ. ಅಣ್ಣ ಹೋಗಿ ಮೂರು ವಾರ ಆದ ಮೇಲೆ. ಆ ಸೋಮವಾರ ನೀರು ಕನ್ನಡಿ ಹಾಗಿತ್ತು. ಅವನ ದೋಣಿಯಲ್ಲೇ ಹೋಗಿದ್ದೆವು, ಪ್ರತಿ ವಾರದ ಹಾಗೆ. ಅವನು ಹುಟ್ಟು ಹಾಕೋದು, ನಾನು ಬಾಟಲಿ ಮುಳುಗಿಸೋದು, ಅವನು ಚಿಪ್ಪುಮೀನು ಬೆಳೆಸೋ ಹಗ್ಗಗಳ ಪಕ್ಕದಲ್ಲೇ. ಚಿಪ್ಪಿನ ಹೊಟ್ಟೆ ಸೇರೋ ವಿಷದ ಪಾಚಿ ನೀರಲ್ಲಿ ಇದೆಯೋ ಇಲ್ಲವೋ, ಬರಿಗಣ್ಣಿಗೆ ಗೊತ್ತಾಗೋದಿಲ್ಲ. ಈ ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು. ಇನ್ನೂರರ ಒಳಗಿದ್ದರೆ ಹಸಿರು ಬಾವುಟ, ಚಿಪ್ಪು ಕೀಳಬಹುದು. ಮೀರಿದರೆ ಕೆಂಪು. ನನಗೆ ಸಿಕ್ಕಿದ್ದು ಹನ್ನೆರಡು. ಪುಸ್ತಕದಲ್ಲಿ ಬರೆದಿದ್ದೀನಿ, ನೋಡಿ… ಬೇಡವಾ? ಸರಿ.

ಹನ್ನೆರಡಕ್ಕೆ ಯಾರೂ ಸಾಯೋದಿಲ್ಲ ಅತ್ತಿಗೆ.

ವಿಚಾರಣೆಗೆ ಬಂದವರಿಗೂ ಅದನ್ನೇ ಹೇಳಿದೆ. ಹಾಗಾದರೆ ವಿಷ ಎಲ್ಲಿಂದ ಬಂತು ಅಂದರು. ಏನು ಹೇಳಲಿ? ಬಂಡೆಯಾಚೆ ಚಿಪ್ಪು ಕೀಳಬಾರದು ಅಂತ ಮುಚ್ಚಿದ ಜಾಗ ಇದೆ, ಅಣ್ಣ ಅಲ್ಲಿಂದ ಕದ್ದು ಕಿತ್ತಿರಬಹುದು ಅಂದೆ. ಇರಬಹುದು, ಅಷ್ಟೇ. ಊರವರು ಆ 'ಬಹುದು' ನುಂಗಿ 'ಕಳ್ಳ' ಅಂತ ಉಗುಳಿದರೆ… ಹಾಗೆ ನೋಡಬೇಡಿ. ಗೊತ್ತು, ನಿಮ್ಮ ಬಾಗಿಲ ಮೇಲೆ ಬರೆದಿದ್ದಾರೆ. ಅವನು ಹೋಟೆಲಿಗೆ ಕೊಟ್ಟ ಚಿಪ್ಪು ತಿಂದ ಇಬ್ಬರು ಬದುಕಿಕೊಂಡರು, ಆದರೂ 'ವಿಷ ಮಾರಿದವನು' ಅಂತ ಬರೆದಿದ್ದಾರೆ. ನಾಳೆ ನನ್ನ ವರದಿಗೆ ಸಹಿ ಬಿದ್ದರೆ ಆ ಹೆಸರೇ ಅವನಿಗೆ ಖಾಯಂ. ಅದಕ್ಕೇ ಬಂದಿರಿ, ಅಲ್ವಾ?

ಯಾಕೆ, ಬಾಯಿಗೆ ಏನಾದರೂ ಮೆತ್ತಿದೆಯಾ?… ಓ, ಇದಾ. ಅಭ್ಯಾಸ ಆಗಿಬಿಟ್ಟಿದೆ, ತುಟಿ ಮುಟ್ಟಿ ಮುಟ್ಟಿ ನೋಡಿಕೊಳ್ಳೋದು. ಚಿಪ್ಪು ತಿಂದ ಮೇಲೆ ಫೋನಿನಲ್ಲಿ ಅವನು ನಗ್ತಾನೇ ಇದ್ದ. "ತುಟಿ ಜುಮ್ಮಂತಿದೆ ಕಣೇ, ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಹಾಗೆ. ನಿನ್ನ ಅತ್ತಿಗೆಗೆ ಚಿಪ್ಪು ಆಗೋದಿಲ್ಲ, ಅವಳ ಪಾಲೂ ನಾನೇ ತಿಂದೆ." ನೀವು ಗಾಡಿ ಹುಡುಕೋಕೆ ಓಡಿದ್ದಿರಿ. ಬೇಯಿಸಿದರೂ ಹೋಗೋ ವಿಷ ಅಲ್ಲ ಅದು, ರುಚಿಯೂ ಇಲ್ಲ. ಆಮೇಲೆ ಮಾತು ತೊದಲಿತು. ಆಮೇಲೆ ಬರೀ ಉಸಿರು. ಅದೂ ಎಳೆದು ಎಳೆದು… ಈಗ ಯಾರು ಫೋನ್ ಮಾಡಿದರೂ ಅವರು ಮಾತಾಡೋಕೆ ಮುಂಚೆ ನನಗೆ ಆ ಉಸಿರು ಕೇಳುತ್ತೆ.

ಅದನ್ನ ಮುಟ್ಟಬೇಡಿ. ಹೌದು, ಅದೇ ಬಾಟಲಿ, ಆ ಸೋಮವಾರದ್ದು. ಚಹಾದ ಬಣ್ಣ ಇದೆಯಲ್ಲ, ಅದು ಅಯೋಡಿನ್. ನೀರು ತುಂಬಿದ ತಕ್ಷಣ ದೋಣಿಯಲ್ಲೇ ನಾಲ್ಕು ಹನಿ ಹಾಕಬೇಕು. ಇಲ್ಲದಿದ್ದರೆ ಬೆಳಗಾಗೋದರೊಳಗೆ ಪಾಚಿ ಬಾಟಲಿಯಲ್ಲೇ ಒಡೆದು ಕರಗಿ ಹೋಗುತ್ತೆ, ಎಣಿಸೋಕೆ ಏನೂ ಉಳಿಯೋದಿಲ್ಲ. ಹಾಕಿದ್ದೀನಿ, ಬಣ್ಣವೇ ಹೇಳುತ್ತಲ್ಲ…

ಅತ್ತಿಗೆ?

ಇಲ್ಲಿಗೆ ಬಂದವರೆಲ್ಲ ಮೊದಲು ಕೇಳೋದೇ ಅದು, ಇದೇನು ಬಾಟಲಿಯಲ್ಲಿ ಚಹಾ ಅಂತ. ವಿಚಾರಣೆಯವರೂ ಕೇಳಿದರು. ನೀವು ಕೇಳಲಿಲ್ಲ. ಪುಸ್ತಕ ತೋರಿಸಿದರೆ ಬೇಡ ಅಂದಿರಿ. ನೇರ ಬಾಟಲಿಗೇ ಕೈ ಹಾಕಿದಿರಿ.

ಅಣ್ಣ ಹೇಳಿದ್ದ. ಆ ದಿನವೇ ಮನೆಗೆ ಬಂದು ಹೇಳಿದ್ದ, ಅಲ್ವಾ?

…ಅಯೋಡಿನ್ ಶೀಶೆ ಈ ಮೇಜಿನ ಮೇಲೇ ಮರೆತಿದ್ದೆ. ಅರ್ಧ ದಾರಿಯಲ್ಲಿ ನೆನಪಾಯ್ತು. ತಿರುಗಿಸ್ಲಾ ಅಂದ. ಬಿಸಿಲು ಸುಡ್ತಿತ್ತು. ಬೇಡ ಬಿಡು, ದಡಕ್ಕೆ ಹೋದ ಮೇಲೆ ಹಾಕ್ತೀನಿ ಅಂದೆ. ದಡಕ್ಕೆ ಬಂದರೆ ಮೀಟಿಂಗು. ಹಾಕಿದ್ದು ಮಂಗಳವಾರ ಬೆಳಿಗ್ಗೆ. ಹನ್ನೆರಡು ಉಳಿದಿದ್ದವು. ಉಳಿದಿದ್ದವು ಅಷ್ಟೇ, ಇದ್ದದ್ದೆಷ್ಟೋ. ಮತ್ತೆ ಹೋಗಿ ನೀರು ತರಬೇಕಿತ್ತು. ಕೆಳಗೆ ದೋಣಿಯವರೆಲ್ಲ ತಲೆ ಎತ್ತಿ ನಿಂತಿದ್ದರು, ಬಾವುಟಕ್ಕೆ. ಏರಿಸಿಬಿಟ್ಟೆ.

ಆದರೆ ಅವನಿಗೆ ಗೊತ್ತಿತ್ತಲ್ಲ ಅತ್ತಿಗೆ. ದೋಣಿಯಲ್ಲಿ ಹನಿ ಬಿದ್ದಿಲ್ಲ ಅಂತ ಅವನೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ಎಲ್ಲರಿಗಿಂತ ಮುಂಚೆ ಯಾಕೆ ಕಿತ್ತ? ಯಾಕೆ ತಿಂದ? ಅಷ್ಟು ಹೇಳಿ ಸಾಕು. ಹಸಿರು ನೋಡಿ ಏನಂದ?

…ತಂಗಿ ಮತ್ತೆ ಹೋಗಿ ನೀರು ತಂದಿರ್ತಾಳೆ ಅಂದನಾ? ಬೇರೆಯವರ ದೋಣಿಯಲ್ಲಿ ಹೋಗಿರ್ತಾಳೆ, ಸುಮ್ಮನೆ ಏರಿಸೋಳಲ್ಲ ಅಂತ?

ಹೌದು ಅಂತ ತಲೆಯಾಡಿಸಬೇಡಿ. ಬೈಯಿರಿ ಅತ್ತಿಗೆ. ಏನಾದರೂ ಬೈಯಿರಿ.